ಪುಸ್ತಕವನ್ನು ಹಿಂದಿನಿಂದ ಓದುವ ಚೀಟಕ್ಕ

ಚೀಟಕ್ಕ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಿದವಳಲ್ಲ. ಕೈಗೆ ಸಿಕ್ಕಿದ್ದನ್ನು ಬೋರಲು ಹಾಕಿ, ಹಿಂದಿನ ರಟ್ಟು ಎತ್ತಿ, ಬಾಲದಿಂದ ತಲೆಯ ಕಡೆಗೆ ಬರುತ್ತಾಳೆ. ಒಮ್ಮೆ ಅವಳ ಗಂಡ ಆಸೆಪಟ್ಟು ಒಂದು ಪತ್ತೇದಾರಿ ಕಾದಂಬರಿ ತಂದಿಟ್ಟಿದ್ದ. ಇವಳು ಅದನ್ನು ತಿರುವಿ, "ಕೊಂದಿದ್ದು ಅಡುಗೆಯವನು. ಅದಿರ್ಲಿ, ಇದ್ರ ಹಿಂದೆ ಆಧಾರ ಗ್ರಂಥಗಳ ಪಟ್ಟಿನೇ ಇಲ್ವಲ್ಲ?" ಎಂದು ಮಡಚಿಟ್ಟಳು. ಪಾಪ, ಅವನು ಇನ್ನೂ ಎರಡನೇ ಪುಟದಲ್ಲಿದ್ದ.

ಅವಳು ನನ್ನ ಅಕ್ಕನ ಮಗಳು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿದೆ. ಬಾಯಿಮಾತಿನಲ್ಲಿ, ಕೆಲಸ ಮಾಡುವ ಇಡೀ ಸಂಶೋಧನಾ ಸಂಸ್ಥೆಗೆ ಅವಳು ಚೀಟಕ್ಕ. ಅದೇ ಸಂಸ್ಥೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನಾಗಿದ್ದೆ. ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಮಿಕ್ಕಿದ್ದನ್ನೆಲ್ಲ ಹೊಲಿಯುತ್ತ ಕಲಿತೆ. ಹೊಲಿದ ಪುಸ್ತಕದ ಬೆನ್ನಿಗೆ ಬಳಿದ ಅಂಟು ಒಣಗುವ ತನಕ ಕೈಕಟ್ಟಿ ಕೂರಲಾಗದೆ ಓದುತ್ತಿದ್ದೆ. ಹಾಗಾಗಿ ನಕ್ಷತ್ರದಿಂದ ಹಿಡಿದು ನರಮಂಡಲದವರೆಗೆ ನನಗೆ ಗೊತ್ತಿಲ್ಲದ ವಿಷಯ ಕಡಿಮೆ. ಯಾವುದೂ ಅಂಟು ಒಣಗುವ ಹೊತ್ತಿಗಿಂತ ಹೆಚ್ಚು ಗೊತ್ತಿಲ್ಲ, ಅಷ್ಟೆ.

ಚೀಟಕ್ಕನ ಕೋಣೆ ಎರಡನೇ ಮಹಡಿಯಲ್ಲಿ. ಒಂದು ಗೋಡೆಗೆ ಕಿಟಕಿ, ಕಿಟಕಿಯ ಕೆಳಗೆ ಅಂಗಳ. ಉಳಿದ ಮೂರು ಗೋಡೆಗೂ ಅಂಗೈಯಗಲದ ಮರದ ಖಾನೆಗಳು, ಸಂಸ್ಥೆಯ ಒಬ್ಬೊಬ್ಬ ಸಂಶೋಧಕನಿಗೆ ಒಂದೊಂದು. ಹೊಸ ಪತ್ರಿಕೆ ಬಂದರೆ, ಹೊಸ ಪ್ರಬಂಧ ಬಂದರೆ, ಅವಳು ಅದರ ಕೊನೆಯ ಪಟ್ಟಿಗೆ ಕೈ ಹಾಕುತ್ತಾಳೆ. ಯಾರು ಯಾರ ಮಾತನ್ನು ಆಧಾರವಾಗಿ ಹಿಡಿದಿದ್ದಾರೆ ಎಂಬುದೆಲ್ಲ ಅಲ್ಲಿರುತ್ತದಲ್ಲ. ನಮ್ಮವರೊಬ್ಬರ ಹೆಸರು ಕಂಡಿತೋ, ಒಂದು ಚೀಟಿ ಬರೆದು ಅವರ ಖಾನೆಗೆ ಇಳಿಸುತ್ತಾಳೆ. ಸಂಶೋಧಕ ತಾನೇ ಬರೆದ ಲೇಖನಕ್ಕೆ ಬಿಳಿ ಚೀಟಿ. ಬೇರೆಯವರು ಅದನ್ನು ಉಲ್ಲೇಖಿಸಿದರೆ ಹಳದಿ ಚೀಟಿ. ಇನ್ನೊಬ್ಬರ ಜೊತೆ ಸೇರಿ ಬರೆದರೆ, ಆ ಜೊತೆಗಾರನ ಲೆಕ್ಕಕ್ಕೆ ಹಸಿರು ಚೀಟಿ. ಕಂಪ್ಯೂಟರು ಬಂದು ಇದನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡತೊಡಗಿದ ಮೇಲೂ ಅವಳು ಚೀಟಿ ಬಿಡಲಿಲ್ಲ. "ಅದು ಎಣಿಸತ್ತೆ ಮಾವ, ಓದಲ್ಲ" ಎನ್ನುತ್ತಿದ್ದಳು.

ಆ ಕೋಣೆಗೆ ದೊಡ್ಡ ದೊಡ್ಡ ವಿದ್ವಾಂಸರು ಏನಾದರೊಂದು ನೆಪ ಹೂಡಿ ಬರುತ್ತಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದಂತೆ ಮಾಡಿ, ತಮ್ಮ ಖಾನೆ ಎಷ್ಟು ತುಂಬಿದೆ ಎಂದು ಕಣ್ಣಂಚಿನಲ್ಲಿ ಅಳೆಯುವುದು. ಅದಕ್ಕಿಂತ ಹೆಚ್ಚಾಗಿ ಪಕ್ಕದವರ ಖಾನೆ ಎಷ್ಟು ತುಂಬಿದೆ ಎಂದು ನೋಡುವುದು.

"ಚೀಟಕ್ಕ, ಹೋದ ತಿಂಗಳು ನನ್ನನ್ನ ನಾಲ್ಕು ಸಲ ಉಲ್ಲೇಖ ಮಾಡಿದ್ದಾರಂತೆ, ಹೌದಾ?" ಎಂದು ರಸಾಯನಶಾಸ್ತ್ರದ ಮೇಷ್ಟ್ರು ಕೇಳಿದರೆ, ಇವಳು ಖಾನೆ ಎಳೆದು, "ನಾಲ್ಕು ನಿಜ ಸರ್. ಮೂರು ನೀವೇ ಮಾಡ್ಕೊಂಡಿದ್ದು" ಎನ್ನುತ್ತಿದ್ದಳು.

ತನ್ನ ಬೆನ್ನು ತಾನೇ ತಟ್ಟಿಕೊಂಡ ಹಳದಿ ಚೀಟಿಯ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿಬಿಡುತ್ತಿದ್ದಳು. ಮೂಲೆ ಹೋದ ಚೀಟಿ ಖಾನೆಯಲ್ಲಿರುತ್ತದೆ, ಎಣಿಕೆಗಿಲ್ಲ. ಒಬ್ಬರನ್ನೊಬ್ಬರು ವರ್ಷವಿಡೀ ಉಲ್ಲೇಖಿಸಿಕೊಳ್ಳುತ್ತಿದ್ದ ಇಬ್ಬರು ಮೇಷ್ಟ್ರುಗಳಿದ್ದರು. ಅವರಿಬ್ಬರ ಖಾನೆಗೂ ಒಂದೇ ದಾರ ಸುತ್ತಿ, "ಬೀಗರ ಮನೆ" ಎಂದು ಬರೆದಿಟ್ಟಿದ್ದಳು. ಗಣಿತದ ಮೇಷ್ಟ್ರ ಖಾನೆಯಲ್ಲಿ ಆರು ವರ್ಷಕ್ಕೆ ಎರಡು ಬಿಳಿ, ಮೂರು ಹಳದಿ. ಆ ಮೂರರಲ್ಲಿ ಎರಡು, 'ಇವರು ಹೇಳಿದ್ದು ತಪ್ಪು' ಎಂದವು. ಭೌತಶಾಸ್ತ್ರದವರದ್ದು ಬೇರೆಯೇ ಸಂಸಾರ: ಒಂದು ಲೇಖನಕ್ಕೆ ಎಂಬತ್ತು ಜನ ಸಹಲೇಖಕರು. ಅದು ಬಂದ ದಿನ ಹಸಿರು ಕಾಗದ ಖಾಲಿಯಾಗಿ ಇವಳು ನೆಲಮಾಳಿಗೆಗೆ ಓಡಿಬರುತ್ತಿದ್ದಳು. "ಮಾವ, ಹಸಿರು ರಟ್ಟಿನ ಚೂರಿದ್ರೆ ಕೊಡಿ. ಇನ್ನೊಂದು ಗ್ರೂಪ್ ಫೋಟೋ ಬಂದಿದೆ."

ಇವರನ್ನೆಲ್ಲ ಒಂದೇ ಪಟ್ಟಿಯಲ್ಲಿ ನಿಲ್ಲಿಸುವುದು ಹೇಗೆ? ಅದಕ್ಕೆ ಉತ್ತರ ಕೊಟ್ಟವನು ಅವಳ ಗಂಡ. ಅವನು ದರ್ಜಿ. ಮಿಷನ್ ತುಳಿಯುತ್ತಲೇ ಹೇಳಿದ: "ನಾನೂ ಬೆಳಗಿಂದ ಸಂಜೆ ತನಕ ಅಳೆಯೋನೇ ಕಣೇ. ಆದ್ರೆ ಕುತ್ತಿಗೆ ಅಳತೇಲಿ ಸೊಂಟ ನೋಡಿದ್ರೆ ಎಲ್ಲರೂ ದಪ್ಪ, ಸೊಂಟದ ಅಳತೇಲಿ ಕುತ್ತಿಗೆ ನೋಡಿದ್ರೆ ಎಲ್ಲರೂ ಸಣಕಲು."

ಅಂದಿನಿಂದ ಚೀಟಕ್ಕ ಒಂದೊಂದು ವಿಭಾಗಕ್ಕೆ ಒಂದೊಂದು ಅಳತೆ ಮಾಡಿಕೊಂಡಳು. ಗಣಿತದಲ್ಲಿ ಒಬ್ಬನಿಗೆ ಸಾಧಾರಣವಾಗಿ ಎಷ್ಟು ಹಳದಿ ಬರುತ್ತದೆ, ಭೌತಶಾಸ್ತ್ರದಲ್ಲಿ ಎಷ್ಟು ಎಂದು ಮೊದಲು ಕಂಡುಹಿಡಿದು, ಆ ಸಾಧಾರಣಕ್ಕಿಂತ ಯಾರು ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ನೋಡುವುದು. ಹಾಗೆ ಅಳೆದಾಗ ಮೂರು ಹಳದಿಯ ಗಣಿತದ ಮೇಷ್ಟ್ರು ಮುನ್ನೂರು ಹಳದಿಯ ಭೌತಶಾಸ್ತ್ರಜ್ಞರ ಪಕ್ಕಕ್ಕೇ ಬಂದು ನಿಂತರು. ಒಬ್ಬರಿಗೆ ನಂಬಲಾಗಲಿಲ್ಲ, ಇನ್ನೊಬ್ಬರಿಗೆ ಸಹಿಸಲಾಗಲಿಲ್ಲ.

ಹೀಗಿರುವಾಗ ಹೊಸ ನಿರ್ದೇಶಕರು ಬಂದರು. ಸಂಸ್ಥೆಯಲ್ಲೇ ಓದಿ, ಹೊರಗೆ ಹೋಗಿ ಹೆಸರು ಮಾಡಿ, ಈಗ ಕುರ್ಚಿಗೆ ಹಿಂತಿರುಗಿದವರು. ತೆಳ್ಳಗಿನ, ಚುರುಕು ಮನುಷ್ಯ. ಕೂತು ಮಾತಾಡಿದ್ದನ್ನು ಕಂಡವರಿಲ್ಲ. ಕೆಟ್ಟವರಲ್ಲ, ಅಂಕಿ ಕಂಡರೆ ಕಣ್ಣು ಅರಳುವ ಜಾತಿ. ಬಂದ ತಿಂಗಳಲ್ಲೇ ಒಂದು ಸುತ್ತೋಲೆ ಹೊರಟಿತು. ಸಂಸ್ಥೆಯ ಪ್ರತಿಯೊಂದು ಘಟಕಕ್ಕೂ ಮೂರು ಕಾಲಂ: ಪ್ರಕಟವಾದ ಲೇಖನ ಎಷ್ಟು, ಉಲ್ಲೇಖ ಎಷ್ಟು, ಬೇರೆ ಬೇರೆ ವಿಭಾಗಗಳ ನಡುವಿನ ಸಹಯೋಗ ಎಷ್ಟು. ಮೂರರಲ್ಲೂ ಸೊನ್ನೆ ಬಂದ ಘಟಕವನ್ನು ವರ್ಷದ ಕೊನೆಗೆ ಮುಚ್ಚತಕ್ಕದ್ದು. ಪಟ್ಟಿ ತಯಾರಿಸಿ ಸಹಿ ಹಾಕಬೇಕಾದವಳು ಚೀಟಕ್ಕ.

ಮೂರೂ ಸೊನ್ನೆ ಇದ್ದದ್ದು ಒಂದೇ ಕಡೆ. ಅದು ಅಂಗಳದ ತಗಡಿನ ಶೆಡ್ಡು, ಗಾಜಿನ ಕಾರ್ಯಾಗಾರ.

ಅಲ್ಲಿ ಊದಪ್ಪ ಇದ್ದ. ಬೆಂಕಿಯ ಮುಂದೆ ಕೂತು ಗಾಜಿನ ನಳಿಗೆಗೆ ಬಾಯಿ ಹಚ್ಚಿ ಊದಿ, ಪ್ರಯೋಗಶಾಲೆಗೆ ಬೇಕಾದ ಬುರುಡೆ, ಕೊಳವೆ, ಸುರುಳಿಗಳನ್ನೆಲ್ಲ ಮಾಡುತ್ತಿದ್ದ, ಒಡೆದವನ್ನು ಬೆಸೆಯುತ್ತಿದ್ದ. ಮೂವತ್ತಮೂರು ವರ್ಷ ಊದಿ ಊದಿ ಕೆನ್ನೆ ಜೋಳಿಗೆಯಾಗಿತ್ತು. ಬೆಂಕಿಯ ಝಳಕ್ಕೆ ಹುಬ್ಬು ಎಂದೋ ಹೋಗಿತ್ತು, ಹಾಗಾಗಿ ಅವನಿಗೆ ಸಿಟ್ಟು ಬಂದಿದೆಯೋ ಆಶ್ಚರ್ಯವಾಗಿದೆಯೋ ಮುಖ ನೋಡಿ ಹೇಳುವಂತಿರಲಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷ. ಶೆಡ್ಡು ಮುಚ್ಚಿದರೆ ಅವನನ್ನು ಗೇಟಿನಲ್ಲಿ ಕೂರಿಸಿ, ಬಂದುಹೋಗುವವರ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಹಾಕುವುದೆಂದು ತೀರ್ಮಾನವಾಗಿತ್ತು. ಊದಪ್ಪನಿಗೆ ಯಾರ ಹೆಸರೂ ನೆನಪಿರುವುದಿಲ್ಲ. ನನ್ನ ಹೆಸರನ್ನೇ ಮೂವತ್ತು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ಕರೆದವನಲ್ಲ.

"ಗೇಟಿಗೆ ಹಾಕ್ತಾರಂತೆ ಕಣೋ" ಎಂದು ಅವನು ನನ್ನ ಬಳಿ ಹೇಳಿದ. "ಹಾಕ್ಲಿ. ಆದ್ರೆ ಒಮ್ಮೆ ಆರಿದ್ರೆ ಈ ಬೆಂಕಿ ಮತ್ತೆ ಹತ್ತಲ್ಲ. ಯಾರಿಗಿದೆ ಇದರ ಕಸುಬು?" ಅಷ್ಟು ಹೇಳಿ ನಳಿಗೆ ಬಾಯಿಗಿಟ್ಟುಕೊಂಡ. ಅಲ್ಲಿಯ ತನಕ ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದೇ.

ಚೀಟಕ್ಕ ಆ ಸಾಲಿನಲ್ಲಿ ಮೊದಲ ಸೊನ್ನೆ ಬರೆದಳು, ಎರಡನೆಯದನ್ನೂ ಬರೆದಳು. ಮೂರನೆಯ ಕಾಲಂ ಬಂದಾಗ ಕೈ ಓಡಲಿಲ್ಲ. ಅವಳ ಕಿಟಕಿಯ ಕೆಳಗೇ ಶೆಡ್ಡಿನ ಬಾಗಿಲು. ದಿನವೂ ನೋಡುತ್ತಿದ್ದಳಲ್ಲ: ಒಬ್ಬರ ಮುಖ ಒಬ್ಬರು ನೋಡದ ವಿಭಾಗಗಳವರು ಒಡೆದ ಗಾಜನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ನಿಂತು ಬೇಜಾರಾಗಿ ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಸಸ್ಯಶಾಸ್ತ್ರದವರೂ ಭೌತಶಾಸ್ತ್ರದವರೂ ಸೇರಿ ಬರೆದ ಒಂದೇ ಒಂದು ಲೇಖನ ಹುಟ್ಟಿದ್ದು ಆ ಸಾಲಿನಲ್ಲಿ.

ಅವಳು ಸೀದಾ ನಿರ್ದೇಶಕರ ಕೋಣೆಗೆ ಹೋದಳು. "ಸಹಯೋಗ ಅಂದ್ರೆ ಲೇಖನದಲ್ಲಿ ಹೆಸರಿರಲೇಬೇಕಾ ಸರ್?"

"ಬರವಣಿಗೆಯಲ್ಲಿ ಸಾಕ್ಷಿ ಇರಬೇಕು" ಎಂದರು ನಿರ್ದೇಶಕರು. "ಕನಿಷ್ಠ ಐದು ವಿಭಾಗದಿಂದ. ಐದಕ್ಕೆ ಕಡಿಮೆಯಾದ್ರೆ ನಮ್ಮ ನಿಯಮದಲ್ಲಿ ಅದು ಸೊನ್ನೇನೇ."

ಸಾಕ್ಷಿ ಎಲ್ಲಿದೆ? ಪ್ರಬಂಧಗಳಲ್ಲಿ. ಪದವಿಗೆಂದು ಸಲ್ಲಿಸುವ ಪ್ರತಿಯೊಂದು ಪ್ರಬಂಧಕ್ಕೂ ಒಂದು ಕೃತಜ್ಞತೆಯ ಪುಟ ಇರುತ್ತದೆ. ಮಾರ್ಗದರ್ಶಕರಿಗೆ, ತಂದೆ ತಾಯಿಗೆ, ನೆರವಾದವರಿಗೆ ನಮಸ್ಕಾರ ಹೇಳುವ ಪುಟ. ಆದರೆ ಆ ಪುಟ ಇರುವುದು ಪುಸ್ತಕದ ಮುಂದೆ! ಇಪ್ಪತ್ತೊಂದು ವರ್ಷ ಹಿಂದಿನಿಂದಲೇ ಓದಿದವಳು ಆ ಸೋಮವಾರ ಮೊದಲ ಬಾರಿಗೆ ಪುಸ್ತಕವನ್ನು ನೆಟ್ಟಗೆ ಹಿಡಿದಳು. ಮೊದಲ ಎರಡು ದಿನ ಕೈ ತಾನಾಗಿಯೇ ಹಿಂದಿನ ರಟ್ಟಿಗೆ ಹೋಗುತ್ತಿತ್ತಂತೆ. ನೆಲಮಾಳಿಗೆಯ ಕಪಾಟಿನಲ್ಲಿದ್ದ ಸಾವಿರದ ಒಂಬೈನೂರು ಪ್ರಬಂಧಗಳನ್ನು ಮೂರು ವಾರದಲ್ಲಿ ತಿರುವಿಹಾಕಿದಳು. ಊದಪ್ಪನಿಗೆ ನಮಸ್ಕಾರ ಹೇಳಿದ ಪ್ರತಿ ಪುಟಕ್ಕೆ ಗುಲಾಬಿ ಬಣ್ಣದ ಒಂದು ಹೊಸ ಚೀಟಿ ಮಾಡಿಕೊಂಡಳು. ಮೇಲೆ ಬಂದು ಎಣಿಸಿದರೆ ಇನ್ನೂರ ಹನ್ನೆರಡು! ಹದಿನಾರು ವಿಭಾಗ! ಸಂಸ್ಥೆಯ ಯಾವ ವಿದ್ವಾಂಸನ ಖಾನೆಯಲ್ಲೂ ಇಷ್ಟೊಂದು ವಿಭಾಗಗಳು ಸೇರಿರಲಿಲ್ಲ.

ನನ್ನ ಮುಂದೆ ಆ ಕಂತೆ ಬೀಸಿ, "ನೋಡಿ ಮಾವ, ಊದಪ್ಪ ಇಡೀ ಸಂಸ್ಥೆಗೇ ದೊಡ್ಡ ಸಹಯೋಗಿ!" ಎಂದಳು. ನಾನು ತುಟಿಪಿಟಕ್ಕೆನ್ನಲಿಲ್ಲ. ಯಾಕೆನ್ನಲಿಲ್ಲ ಎಂಬುದು ಈಗ ಬರುತ್ತದೆ.

ನಿರ್ದೇಶಕರು ಕಂತೆಯನ್ನು ಕೈಗೆತ್ತಿಕೊಂಡು ನಡುವಿನಿಂದ ಒಂದು ಚೀಟಿ ಎಳೆದರು. ಓದಿದರು. ಹುಬ್ಬು ಮೇಲೆ ಹೋಯಿತು.

"ಇದು ಇತಿಹಾಸದ ಪ್ರಬಂಧ. ಹಳೇ ಕೋಟೆಗಳ ಬಗ್ಗೆ."

"ಹೌದು ಸರ್."

"ಕೋಟೆ ಬಗ್ಗೆ ಬರೆಯೋಕೆ ಗಾಜಿನ ನಳಿಗೆ ಯಾಕೆ ಬೇಕಾಯ್ತು?"

ಚೀಟಕ್ಕ ಚೀಟಿಯತ್ತ ಬಗ್ಗಿದಳು. ಇನ್ನೊಂದು ಎಳೆದರು, ಕಾನೂನಿನದು. ಮತ್ತೊಂದು, ಭಾಷಾಶಾಸ್ತ್ರದ್ದು. ಮೂರರಲ್ಲೂ ಅಕ್ಷರ ಬಿಡದೆ ಒಂದೇ ವಾಕ್ಯ, ಎಣಿಸುವ ಭರದಲ್ಲಿ ಅವಳು ಗಮನಿಸದೆ ಇಳಿಸಿಕೊಂಡದ್ದು: 'ತಮ್ಮ ಉಸಿರನ್ನೇ ಗಾಜಿನೊಳಗೆ ತುಂಬಿ ನನ್ನ ಸಂಶೋಧನೆಗೆ ಆಕಾರ ಕೊಟ್ಟ ಕಾರ್ಯಾಗಾರದ ಹಿರಿಯರಿಗೆ ನಾನು ಚಿರಋಣಿ.'

ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಚೀಟಕ್ಕ, ಮೂಲೆ ಕತ್ತರಿಸೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಅಂತಾರೆ. ಹತ್ತು ದಿನ ಕೊಡ್ತೀನಿ. ಸುಳ್ಳನ್ನೆಲ್ಲ ತೆಗೆದು ತನ್ನಿ. ಹೊಡೆದು ಹಾಕಿದ್ದರ ಪಟ್ಟಿನೂ ಜೊತೆಗಿರ್ಲಿ" ಎಂದರು.

ಅವಳು ಮೆಟ್ಟಿಲಿಳಿದು ನೇರ ನನ್ನ ಬಳಿ ಬಂದಳು. ನಾನು ಅಂಟು ಕಲಸುತ್ತಿದ್ದೆ. ಅಂಟಿನ ಬೋಗುಣಿಯಿಂದ ತಲೆ ಎತ್ತಲಿಲ್ಲ.

"ಮಾವ, ಈ ವಾಕ್ಯ ಯಾರದ್ದು?"

"ಯಾವ ವಾಕ್ಯ?"

"ಉಸಿರು ತುಂಬಿದ ವಾಕ್ಯ. ಹದಿನಾರು ವಿಭಾಗದ ಮಕ್ಕಳಿಗೆ ಒಟ್ಟಿಗೇ ಬರೋಕೆ ಅದೇನು ನೆಗಡಿಯ ಸೀನಾ?"

ಸುಳ್ಳು ಹೇಳಬಹುದಿತ್ತು. ಆದರೆ ಆ ವಾಕ್ಯ ನನ್ನದಲ್ಲವೆನ್ನಲು ನನಗೆ ನಾಲಿಗೆ ಬರಲಿಲ್ಲ, ಅಷ್ಟು ಚೆನ್ನಾಗಿತ್ತು ಅದು. "ನಂದೇ ಕಣೇ" ಎಂದೆ.

ನಡೆದದ್ದು ಇಷ್ಟು. ಪ್ರಬಂಧ ಸಲ್ಲಿಸುವ ಕೊನೆಯ ದಿನ ವಿದ್ಯಾರ್ಥಿಗಳು ಏದುಸಿರು ಬಿಡುತ್ತ ನನ್ನ ಬಳಿ ಬರುತ್ತಾರೆ. ಐನೂರು ಪುಟ ಬರೆದಿರುತ್ತಾರೆ, ಕೃತಜ್ಞತೆಯ ಪುಟ ಮರೆತಿರುತ್ತಾರೆ. ಬಹಳ ಹಿಂದೆ ರಸಾಯನಶಾಸ್ತ್ರದ ಒಬ್ಬ ಹುಡುಗಿ ಹಾಗೆ ಬಂದು ಅತ್ತಾಗ, "ಅಳಬೇಡ, ನಾನು ಹೇಳ್ತೀನಿ, ಬರ್ಕೋ" ಎಂದು ಒಂದು ಪುಟ ಹೇಳಿಕೊಟ್ಟೆ. ಊದಪ್ಪ ಅವಳ ಸುರುಳಿಯನ್ನು ಬೆಸೆದುಕೊಟ್ಟಿದ್ದ, ಅವನಿಗೂ ಒಂದು ವಾಕ್ಯ ಸೇರಿಸಿದೆ. ಅದರ ಪ್ರತಿಯನ್ನು ಮಾದರಿಗೆಂದು ಗೋಡೆಗೆ ಅಂಟಿಸಿದೆ. ಮುಂದೆ ಮರೆತು ಬಂದವರೆಲ್ಲ ಗೋಡೆ ನೋಡಿ ಇಳಿಸಿಕೊಂಡರು. ಇತಿಹಾಸದವರೂ ಕಾನೂನಿನವರೂ ಕಣ್ಣುಮುಚ್ಚಿ ಇಳಿಸಿಕೊಳ್ಳುವುದು ನನಗೆ ಕಾಣುತ್ತಿತ್ತು. ತಡೆಯಲಿಲ್ಲ. ನಾಲ್ಕನೇ ಕ್ಲಾಸಿನವನ ವಾಕ್ಯವನ್ನು ಡಾಕ್ಟರಾಗುವವರು ನಕಲು ಮಾಡುತ್ತಿದ್ದರೆ ತಡೆಯಲು ಮನಸ್ಸಾದೀತೇ?

ಚೀಟಕ್ಕ ಬೈಯಲಿಲ್ಲ. ಗೋಡೆಯ ಮೇಲಿದ್ದ ಹಾಳೆಯನ್ನು ಒಮ್ಮೆ ಪೂರ್ತಿ ಓದಿ, "ಚೆನ್ನಾಗಿದೆ ಮಾವ. ಅದೇ ತೊಂದರೆ ಆಗಿರೋದು" ಎಂದಳು.

ಕಳೆ ಕೀಳಲು ಅವಳು ಹೂಡಿದ ಉಪಾಯ ಸರಳವಾಗಿತ್ತು. ನನ್ನ ವಾಕ್ಯ ಎಲ್ಲಿದೆಯೋ ಅಲ್ಲಿ ಗೀಟು. ಇಡೀ ವಾರ ನಾನು ಪ್ರಬಂಧ ಎತ್ತಿ ಕೊಡುವುದು, ಅವಳು ಕೆಂಪು ಸೀಸಕಡ್ಡಿಯಲ್ಲಿ ಹೊಡೆದು ಹಾಕುವುದು. ಚೆಂದದ ಮಾತು ಕಂಡಲ್ಲೆಲ್ಲ ಕೆಂಪು. ಉಳಿದುಕೊಂಡದ್ದು ಯಾವುದು ಅಂತೀರಿ? ತೊದಲು ಮಾತುಗಳು. 'ನನ್ನ ಕೊಳವೆಯನ್ನು ಒಂಬತ್ತನೇ ಸಲವೂ ರಿಪೇರಿ ಮಾಡಿದ, ಆದರೆ ಬೈದು ಮಾಡಿದ, ಗಾಜಿನ ಶೆಡ್ಡಿನ ಅಜ್ಜನಿಗೆ.' 'ನಾನು ಬರೆದ ಚಿತ್ರ ತಪ್ಪು ಎಂದು ಹೇಳಿ ತಾನೇ ಬೇರೆ ಮಾಡಿಕೊಟ್ಟವರಿಗೆ, ಅದೇ ಸರಿಯಾಯಿತು.' 'ಹುಬ್ಬಿಲ್ಲದವರಿಗೆ.' ಇಷ್ಟೇ ಇದ್ದದ್ದು ಒಂದರಲ್ಲಿ, ಹುಬ್ಬಿಲ್ಲದವರಿಗೆ. ಒಂದಕ್ಕೂ ತಲೆಬುಡ ನೆಟ್ಟಗಿಲ್ಲ. ನನ್ನಂಥವನ ಕೈಗೆ ಮೊದಲೇ ಸಿಕ್ಕಿದ್ದರೆ ಎಲ್ಲವನ್ನೂ ತಿದ್ದಿ ನೇರ ಮಾಡಿಬಿಡುತ್ತಿದ್ದೆ. ಪುಣ್ಯಕ್ಕೆ ಸಿಕ್ಕಿರಲಿಲ್ಲ.

ಎಣಿಸಿದಾಗ ಗೀಟು ಬಿದ್ದದ್ದು ನೂರ ಅರವತ್ತೈದು. ಉಳಿದದ್ದು ನಲವತ್ತೇಳು. ರಸಾಯನ, ಭೌತ, ಸಸ್ಯ, ಔಷಧ. ನಾಲ್ಕೇ ವಿಭಾಗ.

ಐದನೆಯದಿಲ್ಲ.

ಅವಳು ಗೀಟು ಬಿದ್ದ ಕಂತೆಯನ್ನು ಇನ್ನೊಮ್ಮೆ ತಿರುವಿದಳು. ಒಂದು ಚೀಟಿಯ ಹತ್ತಿರ ಕೈ ನಿಂತಿತು. ಮಣ್ಣಿನ ವಿಜ್ಞಾನದ ಪ್ರಬಂಧ, ಇಪ್ಪತ್ತನಾಲ್ಕು ವರ್ಷ ಹಳೆಯದು. ಬರೆದವರ ಹೆಸರು ನೋಡಿ ನಾನೂ ಬಾಯಿ ಕಳೆದೆ. ಈಗಿನ ನಿರ್ದೇಶಕರೇ! ನಗುತ್ತ ನಗುತ್ತ ಕಣ್ಣೊರೆಸಿಕೊಂಡ ಮಹಾಶಯರು ಒಂದು ಕಾಲದಲ್ಲಿ ನನ್ನ ಗೋಡೆಯ ಮುಂದೆ ನಿಂತು ಬರೆದುಕೊಂಡವರೇ. ಪಾಪ, ಮರೆತಿದ್ದರು. ಮರೆಯದೆ ಏನು, ಕೊನೆಯ ದಿನ ಇಳಿಸಿಕೊಂಡದ್ದು ಯಾರಿಗೆ ನೆನಪಿರುತ್ತದೆ?

"ಐದನೇ ವಿಭಾಗ ಸಿಕ್ತಲ್ಲೇ!" ಎಂದೆ. "ಇದೊಂದರ ಗೀಟು ಅಳಿಸಿಬಿಡು. ಅವರದ್ದೇ ಪ್ರಬಂಧ, ಅವರೇನು ಇಲ್ಲ ಅಂತಾರಾ?"

"ಇದು ನಿಮ್ಮ ವಾಕ್ಯ ಮಾವ."

"ಆದ್ರೇನಂತೆ?"

"ಇದನ್ನ ಬಿಟ್ರೆ ಇತಿಹಾಸದ ಹುಡುಗೀನೂ ಬಿಡಬೇಕು. ನಿರ್ದೇಶಕರು ಅಂತ ಒಂದು ಅಳತೆ, ಕೋಟೆ ಹುಡುಗಿ ಅಂತ ಒಂದು ಅಳತೆನಾ?"

"ಊದಪ್ಪ ಗೇಟಿನಲ್ಲಿ ಕೂರಬೇಕಾಗತ್ತಲ್ಲೇ."

ಅವಳು ಆ ಚೀಟಿಯನ್ನು ಗೀಟು ಬಿದ್ದ ಕಂತೆಗೇ ಮರಳಿ ಸೇರಿಸಿದಳು. ಸಂಜೆ ಅವಳ ಗಂಡನೂ ಕತ್ತರಿ ಹಿಡಿದುಕೊಂಡೇ ಹೇಳಿ ನೋಡಿದನಂತೆ: "ಒಂದು ಅರ್ಧ ಇಂಚು ಬಿಟ್ಟು ಕತ್ತರಿಸೋದು ಎಲ್ಲ ಕಸುಬಲ್ಲೂ ಇದೆ ಮಾರಾಯ್ತಿ." ಅದಕ್ಕವಳು, "ನಿಮ್ಮ ಕಸುಬಲ್ಲಿ ಬಿಟ್ಟಿದ್ದನ್ನ ಒಳಗೆ ಮಡಚಿ ಹೊಲೀಬಹುದು. ನನ್ನ ಚೀಟಿಗೆ ಒಳಭಾಗವೇ ಇಲ್ಲ" ಎಂದಳಂತೆ. ಆದರೆ ಆ ದಿನ ಊಟದ ತಟ್ಟೆಯ ಮುಂದೆ ಕೂತು ಬೆರಳಲ್ಲೇ ಗೀಟು ಎಳೆಯುತ್ತಿದ್ದಳೆಂದೂ ಅವನೇ ಹೇಳಿದ. ಗೀಟು ಮಾತ್ರ ಅಳಿಯಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾವು ನಿರ್ದೇಶಕರ ಕೋಣೆಗೆ ಹೋದೆವು. ಸಾಕ್ಷಿಗೆ ಬೇಕಾದೀತೆಂದು ಪ್ರಬಂಧಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ನಾನೂ ಹಿಂದಿದ್ದೆ. ತಳ್ಳುಗಾಡಿಯ ಒಂದು ಚಕ್ರ ಕೀರಲು ದನಿಯಲ್ಲಿ ಅಳುತ್ತಿತ್ತು. ಚೀಟಕ್ಕ ಎರಡು ಕಂತೆ ಮೇಜಿನ ಮೇಲಿಟ್ಟಳು.

"ನಲವತ್ತೇಳು ಸರ್. ನಾಲ್ಕು ವಿಭಾಗ. ಇದು ಹೊಡೆದು ಹಾಕಿದ್ದು, ನೂರ ಅರವತ್ತೈದು."

"ನಾಲ್ಕೇನಾ?" ನಿರ್ದೇಶಕರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ನಿಮ್ಮ ಶ್ರಮ ದೊಡ್ಡದು ಚೀಟಕ್ಕ. ಆದ್ರೆ ನಿಯಮ ಐದು."

"ಗೊತ್ತು ಸರ್."

ಅವರು ಮೂರನೆಯ ಕಾಲಮಿಗೆ ಪೆನ್ನು ಇಳಿಸುವ ಮೊದಲು, ರೂಢಿಯಂತೆ, ಹೊಡೆದು ಹಾಕಿದ ಕಂತೆಯನ್ನೂ ಒಮ್ಮೆ ಇಸ್ಪೀಟಿನಂತೆ ಬಿಡಿಸಿದರು. ಬಿಡಿಸುತ್ತ ಹೋದ ಬೆರಳು ನಿಂತಿತು. ಕಂತೆಯಿಂದ ಆ ಚೀಟಿ ಹೊರಬಂತು. ಮೊದಲ ಬಾರಿಗೆ ಆ ಮನುಷ್ಯ ಕುರ್ಚಿಯಲ್ಲಿ ಕೂತದ್ದನ್ನು ಕಂಡೆ. ತಳ್ಳುಗಾಡಿಯತ್ತ ಕೈ ಚಾಚಿದರು. ನಾನು ಪ್ರಬಂಧ ಹುಡುಕಿ ಕೊಟ್ಟೆ. ಇಪ್ಪತ್ತನಾಲ್ಕು ವರ್ಷದ ನನ್ನ ಹೊಲಿಗೆ, ಒಂದು ದಾರವೂ ಸಡಿಲವಾಗಿರಲಿಲ್ಲ. ಅವರು ಪುಟ ತೆರೆದು ಓದಿಕೊಂಡರು, ಕಿವಿ ಕೆಂಪಗಾಯಿತು.

"ಇದನ್ನ ಯಾರು ಹೊಡೆದು ಹಾಕಿದ್ದು?"

"ನಾನೇ ಸರ್."

"ಯಾಕೆ?"

"ವಾಕ್ಯ ನಕಲು ಸರ್."

ನನಗೆ ತಳ್ಳುಗಾಡಿಯ ಹಿಂದೆ ಕುಳ್ಳಗಾಗಬೇಕೆನಿಸಿತು.

"ವಾಕ್ಯ ನಕಲು" ಎಂದರು ನಿರ್ದೇಶಕರು ನಿಧಾನಕ್ಕೆ. "ಕೊಳವೆ ನಕಲಲ್ಲ."

ಪ್ರಬಂಧವನ್ನು ಕಂಕುಳಲ್ಲಿ ಇರುಕಿಕೊಂಡು ಅವರು ದಡದಡ ಮೆಟ್ಟಿಲಿಳಿದರು. ಹಿಂದೆ ಚೀಟಕ್ಕ, ಅವಳ ಹಿಂದೆ ನಾನು. ಅಂಗಳ ದಾಟಿ ಶೆಡ್ಡಿನ ಬಾಗಿಲಿಗೆ ಬಂದೆವು. ಊದಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬೆಂಕಿಯಲ್ಲಿ ಒಂದು ಬುರುಡೆಯನ್ನು ತಿರುಗಿಸುತ್ತಿದ್ದ. ಗಾಜು ಕೆಂಪಗಿದ್ದಾಗ ಅವನು ಯಾರಿಗೂ ತಲೆ ಎತ್ತುವುದಿಲ್ಲ.

"ಇಪ್ಪತ್ನಾಲ್ಕು ವರ್ಷದ ಹಿಂದೆ" ಎಂದರು ನಿರ್ದೇಶಕರು, "ಮಣ್ಣು ಕದಡಿದ ನೀರು ತಿಳಿಯಾಗೋಕೆ ಬಿಡೋ ಉದ್ದದ ಕೊಳವೆ. ನೆನಪಿದೆಯಾ?"

ಊದಪ್ಪ ಬುರುಡೆ ತಿರುಗಿಸುತ್ತಲೇ, "ಒಂದು ಮೊಳ ಎತ್ತರದ್ದು. ತಳ ಒಡೆದಿತ್ತು. ಮೂರು ಸಲ" ಎಂದ. ಒಂದು ಉಸಿರು ಊದಿದ. "ಒಬ್ಬ ಪೆದ್ದ ಇದ್ದ. ತಣ್ಣಗಿರೋ ಗಾಜಿಗೆ ಕುದಿಯೋ ನೀರು ಸುರಿದು ತೊಳೀತಿದ್ದ. ಹೇಳಿ ಹೇಳಿ ನನ್ನ ಬಾಯಿ ಸೋತು ಹೋಯ್ತು."

ಚೀಟಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ತಗಡಿನ ಸೂರು ನೋಡಿದೆ.

"ಆ ಪೆದ್ದ ನಾನೇ" ಎಂದರು ನಿರ್ದೇಶಕರು.

ಊದಪ್ಪ ಈಗ ತಲೆ ಎತ್ತಿದ. ಕಪ್ಪು ಕನ್ನಡಕ ಹಣೆಗೇರಿಸಿ ಮೇಲಿನಿಂದ ಕೆಳಗೆ ನೋಡಿದ. "ಓ, ನೀನಾ! ಎಲ್ಲಿದ್ದೀಯಪ್ಪಾ ಈಗ? ಏನು ಕೆಲಸ?"

ನಿರ್ದೇಶಕರು ಒಂದು ಗಳಿಗೆ ತಡವರಿಸಿ, "ಇಲ್ಲೇ ಇದ್ದೀನಿ, ಮೇಲ್ಗಡೆ" ಎಂದರು. "ಲೆಕ್ಕ ಹಾಕೋ ಕೆಲಸ."

"ಒಳ್ಳೇದಾಯ್ತು ಬಿಡು. ಅಲ್ಲಿ ಗಾಜು ಇರಲ್ಲ."

ನಿರ್ದೇಶಕರು ಅಲ್ಲೇ, ಶೆಡ್ಡಿನ ಸುಟ್ಟ ಮೇಜಿನ ಮೇಲೆ ಚೀಟಿಯಿಟ್ಟು, ಕೆಂಪು ಗೀಟಿನ ಪಕ್ಕದಲ್ಲಿ 'ನಿಜ' ಎಂದು ಬರೆದು ಸಹಿ ಹಾಕಿದರು. ಐದನೆಯ ವಿಭಾಗ ಬಂದಂತಾಯಿತು. ಚೀಟಕ್ಕ ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಮುಗಿದು ಹೊರಡುತ್ತಿದ್ದಳು. ಅವಳು ನಿಂತೇ ಇದ್ದಳು.

"ಇನ್ನೇನು?" ಎಂದರು ನಿರ್ದೇಶಕರು.

"ನಿಮ್ಮದು ನಿಜ ಅಂದ್ಮೇಲೆ ಮಿಕ್ಕ ನೂರ ಅರವತ್ನಾಲ್ಕನ್ನೂ ಕೇಳಬೇಕಲ್ಲ ಸರ್. ನಾನು ವಾಕ್ಯ ನೋಡಿ ಹೊಡೆದು ಹಾಕಿದ್ದು. ಕೊಳವೆ ನೋಡಿರ್ಲಿಲ್ಲ. ಅದು ನನ್ನ ತಪ್ಪು."

ಮುಂದಿನ ಒಂದು ವಾರ ಅವಳು ಶೆಡ್ಡಿನಲ್ಲೇ ಠಿಕಾಣಿ ಹೂಡಿದಳು. ಹೆಸರು ಹೇಳಿದರೆ ಊದಪ್ಪನಿಗೆ ಏನೂ ಗೊತ್ತಾಗದು. ಅದಕ್ಕೆ ಅವಳು ಪ್ರಬಂಧದ ಒಳಗೆ ಹುಡುಕಿ, ಯಾವ ಪ್ರಯೋಗಕ್ಕೆ ಎಂಥ ಗಾಜು ಬಳಸಿದ್ದಾರೆಂದು ತಿಳಿದುಕೊಂಡು ಕೇಳಬೇಕಾಯಿತು. ಹಿಂದಿನಿಂದ ಓದುತ್ತಿದ್ದವಳು, ಆಮೇಲೆ ಮುಂದಿನಿಂದ ಓದಿದವಳು, ಈಗ ನಡುವನ್ನೂ ಓದುವಂತಾಯಿತು. "ಎರಡು ಕತ್ತಿನ ಬುರುಡೆ?" ಎಂದರೆ, "ಎಡಗಡೆ ಕತ್ತು ಸೀಳಿತ್ತು, ನಿಜ" ಎನ್ನುವನು. "ಕೋಟೆ?" ಎಂದರೆ, "ಕೋಟೇನ ನಾನು ಊದಿಲ್ಲಮ್ಮ" ಎನ್ನುವನು. ನೂರ ಅರವತ್ನಾಲ್ಕರಲ್ಲಿ ಇಪ್ಪತ್ತೊಂದು ನಿಜವೆಂದು ತೇಲಿದವು. ನಲವತ್ತೇಳು, ಒಂದು, ಇಪ್ಪತ್ತೊಂದು. ಒಟ್ಟು ಅರವತ್ತೊಂಬತ್ತು, ಏಳು ವಿಭಾಗ. ಚೀಟಕ್ಕ ಸಹಿ ಹಾಕಿದ ಪಟ್ಟಿಯಲ್ಲಿ ಗಾಜಿನ ಕಾರ್ಯಾಗಾರದ ಸಾಲು ಹೀಗಿತ್ತು: ಸೊನ್ನೆ, ಸೊನ್ನೆ, ಅರವತ್ತೊಂಬತ್ತು.

ಶೆಡ್ಡು ಉಳಿಯಿತು. ಸುದ್ದಿ ಹೇಳಲು ಹೋದಾಗ ಊದಪ್ಪ ಕೇಳಿಸಿಕೊಂಡು, "ಹಾಗಾದ್ರೆ ಗ್ಯಾಸ್ ಸಿಲಿಂಡರ್ ತರಿಸೋಕೆ ಹೇಳಮ್ಮ, ಮುಗೀತಾ ಬಂತು" ಎಂದ. ಎರಡು ವರ್ಷವಾದ ಮೇಲೆ ಅವನು ನಿವೃತ್ತನಾದ. ಹೋಗುವ ಮೊದಲು ಔಷಧ ವಿಭಾಗದ ಒಬ್ಬ ತರುಣಿಗೆ ಬೆಂಕಿ ಹಿಡಿಯುವುದನ್ನು ಕಲಿಸಿದ್ದ. ಅವಳ ಹುಬ್ಬು ಈಗ ಅರ್ಧ ಹೋಗಿದೆ.

ಚೀಟಕ್ಕನ ಕತೆ ಮಾತ್ರ ಒಂದು ಫಜೀತಿಗೆ ಬಂತು. ಅವಳು ಕೃತಜ್ಞತೆಯನ್ನು ಎಣಿಸುತ್ತಾಳೆಂದು ಸುದ್ದಿ ಹಬ್ಬಿದ್ದೇ ತಡ, ಮರುವರ್ಷದ ಪ್ರಬಂಧಗಳಲ್ಲೆಲ್ಲ ಅವಳಿಗೇ ನಮಸ್ಕಾರ. 'ನಮ್ಮ ಪ್ರೀತಿಯ ಚೀಟಕ್ಕನವರಿಗೆ.' 'ಸಂಸ್ಥೆಯ ಕಣ್ಣಾದ ಚೀಟಕ್ಕನವರಿಗೆ.' ನಾನು ರಟ್ಟು ಕಟ್ಟುತ್ತ ಎಣಿಸಿದೆ, ಮೂವತ್ತೆಂಟು. ಅವಳು ಪ್ರತಿಯೊಂದಕ್ಕೂ ಒಂದು ಗುಲಾಬಿ ಚೀಟಿ ಬರೆದು, ಬರೆದ ತಕ್ಷಣ ಅದರ ಮೂಲೆ ಕತ್ತರಿಸಿ ಒಂದು ಡಬ್ಬಿಗೆ ಹಾಕಿದಳು.

"ಅದ್ಯಾಕೇ?" ಎಂದೆ. "ಇದು ನೀನೇ ಬೆನ್ನು ತಟ್ಟಿಕೊಂಡಿದ್ದಲ್ಲವಲ್ಲ."

"ಎಣಿಸೋಳು ಎಣಿಕೇಲಿ ಇರಬಾರದು ಮಾವ."

ಹೊರಡುವಾಗ ನನ್ನ ಕೈಗೊಂದು ಚೀಟಿ ತುರುಕಿ ಹೋದಳು. ನಾಲ್ಕನೇ ಕ್ಲಾಸಿನ ಈ ಮುದುಕನ ಹೆಸರಿಗೆ ಅವಳು ಬರೆದ ಒಂದೇ ಒಂದು ಚೀಟಿ. ಪ್ರಕಟವಾದ ವಾಕ್ಯ: ಒಂದು.  ಉಲ್ಲೇಖ: ಸೊನ್ನೆ. ನಕಲು: ನೂರ ಅರವತ್ತೈದು. ಅದರಲ್ಲಿ ನಿಜವಾದದ್ದು: ಇಪ್ಪತ್ತೆರಡು.

ಮಾದರಿ ಹಾಳೆಯನ್ನು ಗೋಡೆಯಿಂದ ಅಂದೇ ಕಿತ್ತು ಹಾಕಿದೆ. ಆ ಚೀಟಿಗೆ ಮಾತ್ರ ಕೆಂಪು ಬಟ್ಟೆಯ ರಟ್ಟು ಕಟ್ಟಿ ಇಟ್ಟುಕೊಂಡಿದ್ದೇನೆ. ನಾಲ್ಕು ಮೂಲೆಯೂ ನೆಟ್ಟಗಿದೆ.